ಹೊಡೆದವನಿಗೂ ಹೊಡೆತ ತಿಂದವನಿಗೂ ನಡುವೆ ಕೌನ್ಸೆಲರ್ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ಮೇಡಂ, ನಾನು ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ಆರು ವರ್ಷದಿಂದ ಕೌನ್ಸೆಲರ್. ನಮ್ಮಲ್ಲಿ ಮಣಿಪುರ, ಮಿಜೋರಾಂ ಕಡೆಯ ಒಂಬತ್ತು ಮಕ್ಕಳು ಓದುತ್ತಿದ್ದಾರೆ. ಎರಡು ತಿಂಗಳಿಂದ ಅವರಿಗೆ ಕಾಟ ಶುರುವಾಗಿದೆ. ಮೊದಲು 'ಚಿಂಕಿ', 'ಚೈನಾ', 'ಮೊಮೊ' ಎಂದು ಕೂಗುತ್ತಿದ್ದರು. ಆಮೇಲೆ ಬೈಕಿನಲ್ಲಿ ಪಿಜಿವರೆಗೂ ಹಿಂಬಾಲಿಸಿದರು. ಹೋದ ವಾರ ಒಬ್ಬ ಹುಡುಗನಿಗೆ ಹೆಲ್ಮೆಟ್‌ನಿಂದ ಹೊಡೆದಿದ್ದಾರೆ, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದಿದೆ. ಗೊತ್ತಿಲ್ಲದ ನಂಬರಿನಿಂದ 'ಊರು ಬಿಟ್ಟು ಹೋಗಿ, ಇಲ್ಲಾಂದ್ರೆ ಹೆಣ ಹೋಗುತ್ತೆ' ಎಂಬ ಮೆಸೇಜ್ ಬಂದಿದೆ. ಪ್ರಿನ್ಸಿಪಾಲರು 'ನೀವು ಸಮಾಧಾನ ಹೇಳಿ ಸಾಕು, ವಿಷಯ ಗೇಟು ದಾಟಬಾರದು' ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು 'ಕೌನ್ಸೆಲರ್ ಯಾರ ಪಕ್ಷವನ್ನೂ ವಹಿಸಬಾರದು' ಎಂದರು. ಇನ್ನೊಂದು ಕಷ್ಟ ಇದೆ. ಕಾಟ ಕೊಡುವ ಗುಂಪಿನ ಜೊತೆ ತಿರುಗುವ ಒಬ್ಬ ಹುಡುಗ ನನ್ನ ಹತ್ತಿರವೇ ಕೌನ್ಸೆಲಿಂಗ್‌ಗೆ ಬರುತ್ತಾನೆ. ನಾನು ಬಾಯಿ ಬಿಟ್ಟರೆ ತಪ್ಪಾ? ಬಿಡದಿದ್ದರೆ ತಪ್ಪಾ?
(ಹೆಸರು ಬೇಡ, ಮೈಸೂರು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಮಕ್ಕಳ ಭಯ ಎಷ್ಟಿದೆಯೋ ನಿಮ್ಮ ಒಂಟಿತನವೂ ಅಷ್ಟೇ ಇದೆ. ಕೋಣೆಯೊಳಗೆ ಕೂತು ಅವರ ಕಣ್ಣೀರು ನೋಡುವವರು ನೀವೊಬ್ಬರೇ. ಹೊರಗೆ ಬಂದರೆ ಎಲ್ಲರೂ ನಿಮ್ಮ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ಮಾತಾಡಬೇಕು. ಆದರೆ ಮಕ್ಕಳನ್ನು ಕೇಳಿ, ಅವರ ಗುರುತು ಕಾಪಾಡಿ, ಸಾಧ್ಯವಾದರೆ ಒಬ್ಬರೇ ಅಲ್ಲದೆ ನಾಲ್ಕು ಜನರ ಜೊತೆ ಸೇರಿ ಮಾತಾಡಬೇಕು.

ಮೊದಲು ಆ 'ಪಕ್ಷ ವಹಿಸಬಾರದು' ಎಂಬ ಮಾತು. ನಾವೆಲ್ಲ ಅದನ್ನು ತರಗತಿಯಲ್ಲಿ ಕಲಿತಿದ್ದೇವೆ. ಯಾವುದಕ್ಕೆ ಕಲಿತೆವು? ಹುಡುಗಿ ಯಾರನ್ನು ಮದುವೆ ಆಗಬೇಕು, ಹುಡುಗ ಇಂಜಿನಿಯರಿಂಗ್ ಬಿಟ್ಟು ಊರಿಗೆ ಹೋಗಿ ಬೇಸಾಯ ಮಾಡಬೇಕಾ, ಅಂಥ ಕಡೆ ನಮ್ಮ ಇಷ್ಟವನ್ನು ಅವರ ಮೇಲೆ ಹೇರಬಾರದು ಅಂತ. ಹೆಲ್ಮೆಟ್ ಬೀಸಿದವನಿಗೂ ಹುಬ್ಬು ಒಡೆಸಿಕೊಂಡವನಿಗೂ ನಡುವೆ ತಕ್ಕಡಿ ಹಿಡಿದು ನಿಲ್ಲಿ ಎಂದು ಯಾವ ಪಾಠವೂ ಹೇಳಿಲ್ಲ. ಗಂಡನ ಹೊಡೆತ ತಿಂದು ಬಂದ ಹೆಂಗಸಿಗೆ 'ಅವರ ಕಡೆಯದ್ದೂ ನ್ಯಾಯ ಇರಬಹುದು' ಎಂದು ನೀವು ಹೇಳುತ್ತೀರಾ? ಹೇಳಲ್ಲ ಅಲ್ವಾ. ಇದೂ ಹಾಗೆಯೇ.

ಎರಡನೆಯದು, 'ಸಮಾಧಾನ ಹೇಳಿ ಸಾಕು'. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನಮ್ಮ ವೃತ್ತಿಯವರೇ ಇದರಲ್ಲಿ ಜಾಸ್ತಿ ಎಡವುತ್ತೇವೆ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿಯ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮೊದಲ ದಿನ ಬಂದವಳೇ ಕುರ್ಚಿಯನ್ನು ಎಳೆದು ಗೋಡೆಗೆ ಒತ್ತಿಕೊಂಡಳು. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಕೆಳಗೆ ರಸ್ತೆಯಲ್ಲಿ ಬೈಕ್ ಹೋದಾಗಲೆಲ್ಲ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಕಿವಿಯಲ್ಲಿ ಇಯರ್‌ಫೋನ್ ಇತ್ತು. ವೈರು ಜರ್ಕಿನ್ ಜೇಬಿನೊಳಗೆ ಇಳಿದಿತ್ತು, ಆದರೆ ಯಾವುದಕ್ಕೂ ಚುಚ್ಚಿರಲಿಲ್ಲ. ಯಾಕೆ ಎಂದು ಕೇಳಿದೆ. ಹಾಡು ಕೇಳುತ್ತಿದ್ದೇನೆ ಎಂದು ಜನ ಅಂದುಕೊಂಡರೆ, ಕೂಗಿದ್ದು ಕೇಳಿಸಲೇ ಇಲ್ಲ ಎಂಬಂತೆ ನಡೆದು ಹೋಗಬಹುದಂತೆ. ನಿಜವಾಗಿ ಹಾಡು ಹಾಕಿದರೆ ಹಿಂದಿನಿಂದ ಬರುವ ಬೈಕಿನ ಸದ್ದು ಕೇಳಿಸಲ್ಲವಂತೆ. ಬಸ್ಸಿನಲ್ಲಿ ಅಮ್ಮನ ಫೋನ್ ಬಂದರೆ ಎತ್ತುವುದನ್ನೂ ಬಿಟ್ಟಿದ್ದಳು. ತನ್ನ ಭಾಷೆ ಪಕ್ಕದವರ ಕಿವಿಗೆ ಬಿದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ ಎಂಬ ಹೆದರಿಕೆ.

ಇವಳಿಗೆ ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ರಾತ್ರಿ ನಿದ್ದೆಗೆ ಸ್ವಲ್ಪ ಅನುಕೂಲ ಆಯಿತು. ಅಷ್ಟೇ. ಯಾಕೆಂದರೆ ಅವಳ ಮನಸ್ಸಿನ ಗಂಟೆ ಕೆಟ್ಟು ಸುಮ್ನೆ ಬಾರಿಸುತ್ತಿರಲಿಲ್ಲ. ಹೊರಗೆ ನಿಜವಾಗಿಯೂ ಬೆಂಕಿ ಇತ್ತು, ಅದಕ್ಕೇ ಬಾರಿಸುತ್ತಿತ್ತು. ಇಂಥವರಿಗೆ 'ನೀನು ಜಾಸ್ತಿ ಯೋಚನೆ ಮಾಡ್ತೀಯಮ್ಮ' ಎಂದರೆ ಎರಡು ಅನ್ಯಾಯ ಆಗುತ್ತದೆ. ಬೀದಿಯವನು 'ನೀನು ಇಲ್ಲಿಯವಳಲ್ಲ' ಎಂದ. ಕೌನ್ಸೆಲರ್ 'ನಿನಗೆ ಆದದ್ದು ಅಷ್ಟೇನಿಲ್ಲ' ಎಂದ ಹಾಗಾಯಿತು. ಆತಂಕದ ಕಾಯಿಲೆ ಬೇರೆ, ಬೆದರಿಕೆಗೆ ಮೈ ಕೊಡುವ ಉತ್ತರ ಬೇರೆ. ಮೊದಲನೆಯದಕ್ಕೆ ಕೋಣೆಯೊಳಗಿನ ಚಿಕಿತ್ಸೆ ಸಾಕಾಗಬಹುದು. ಎರಡನೆಯದಕ್ಕೆ ಬೆದರಿಕೆ ನಿಲ್ಲುವುದೇ ಅರ್ಧ ಔಷಧ.

ಹಾಗೆಂದು ಆದದ್ದನ್ನೆಲ್ಲ ಮತ್ತೆ ಮತ್ತೆ ಹೇಳಿಸಬೇಡಿ. ಮನಸ್ಸು ಬಿಚ್ಚಿ ಎಲ್ಲ ಹೇಳಿಬಿಟ್ಟರೆ ಹಗುರಾಗುತ್ತೆ ಎಂಬ ನಂಬಿಕೆ ನಮ್ಮಲ್ಲಿ ಇದೆ. ಆಘಾತ ಆದ ತಕ್ಷಣ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಪದ್ಧತಿಯಿಂದ ಉಪಯೋಗ ಇಲ್ಲ, ಕೆಲವರಿಗೆ ತೊಂದರೆಯೇ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡ ಎಂದಿದೆ. ಊಟ ಆಗಿದೆಯಾ, ರಾತ್ರಿ ಯಾರ ಜೊತೆ ಇರುತ್ತೀಯ, ಮನೆಗೆ ತಿಳಿಸಿದ್ದೀಯಾ, ಈ ವಾರ ಏನು ಬೇಕು, ಇಷ್ಟು ಕೇಳಿ. ಹೇಳಿದಷ್ಟು ಕೇಳಿಸಿಕೊಳ್ಳಿ. ತಿಂಗಳಾದರೂ ನಿದ್ದೆ ಬಾರದಿದ್ದರೆ, ಕೆಟ್ಟ ಕನಸು, ಬೆಚ್ಚಿಬೀಳುವುದು ಕಡಿಮೆ ಆಗದಿದ್ದರೆ ಮನೋವೈದ್ಯರ ಹತ್ತಿರ ಕಳಿಸಿ. ಸಾಯುವ ಮಾತು ಬಂದರೆ ತಿಂಗಳು ಕಾಯಬೇಡಿ, ಅದೇ ದಿನ ಕಳಿಸಿ. ರಾತ್ರಿ ಹೊತ್ತು ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದಿನದ 24 ಗಂಟೆಯೂ ಉಚಿತ.

ಇನ್ನು ಪ್ರಿನ್ಸಿಪಾಲರ ಭಯ: ಮಾತಾಡಿದರೆ ವಿಷಯ ದೊಡ್ಡದಾಗುತ್ತೆ. ಈ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಸುಮ್ಮನಿದ್ದರೆ ವಿಷಯ ಚಿಕ್ಕದಾಗುತ್ತೆ ಎಂಬುದು ಸುಳ್ಳು.

2012ರ ಆಗಸ್ಟ್ ನೆನಪಿದೆಯಾ? ಅಸ್ಸಾಂನಲ್ಲಿ ಗಲಭೆ ಆಗಿತ್ತು. ಇಲ್ಲಿ ಮೊಬೈಲಿನಿಂದ ಮೊಬೈಲಿಗೆ ಗಾಳಿಸುದ್ದಿ ಹರಡಿತು. ಈಶಾನ್ಯದವರ ಮೇಲೆ ದಾಳಿ ಆಗುತ್ತೆ, ರಂಜಾನ್ ಹಬ್ಬದೊಳಗೆ ಊರು ಬಿಡಿ ಅಂತ. ಬೆಂಗಳೂರಿನಿಂದ ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸಾವಿರಾರು ಜನ ಗಂಟು ಮೂಟೆ ಕಟ್ಟಿಕೊಂಡು ಹೋದರು. ಕೊನೆಗೆ ಕೇಂದ್ರ ಸರ್ಕಾರ 15 ದಿನ ದಿನಕ್ಕೆ 5 ಎಸ್‌ಎಂಎಸ್ ಮಾತ್ರ ಎಂದು ಮಿತಿ ಹಾಕಿತು. ಆಗ ನನ್ನ ಹತ್ತಿರ ಒಬ್ಬ ಹುಡುಗ ಬಂದು 'ಹೋಗಲಾ, ಇರಲಾ' ಎಂದು ಕೇಳಿದ. 'ಎಲ್ಲ ಗಾಳಿಸುದ್ದಿ, ಮೈಸೂರಿನಲ್ಲಿ ಏನೂ ಆಗಲ್ಲ' ಎಂದು ಧೈರ್ಯ ಹೇಳಿ ಕಳಿಸಿದೆ. ಅದೇ ದಿನಗಳಲ್ಲಿ ನಮ್ಮ ಮೈಸೂರಿನಲ್ಲೇ ಒಬ್ಬ ಟಿಬೆಟನ್ ಯುವಕನಿಗೆ ಚೂರಿ ಹಾಕಿದರು. ಈಶಾನ್ಯದವನು ಎಂದುಕೊಂಡು ಹಾಕಿದ್ದಾರೆ ಎಂದು ಎಲ್ಲರೂ ಮಾತಾಡಿಕೊಂಡರು. ಟಿಬೆಟನ್ನರು ನಮ್ಮ ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಇದ್ದಾರೆ. ನಮ್ಮ ಎಷ್ಟೋ ಜನ ಹುಟ್ಟುವ ಮುಂಚಿನಿಂದ ಇಲ್ಲಿ ಬಾಳಿದ ಸಮುದಾಯ. ದ್ವೇಷ ಆಧಾರ್ ಕಾರ್ಡ್ ನೋಡುವುದಿಲ್ಲ, ಕಣ್ಣಿನ ಆಕಾರ ನೋಡುತ್ತದೆ.

'ಹೋಗಲಾ, ಇರಲಾ' ಎಂದು ಕೇಳಿದ್ದ ಆ ಹುಡುಗ ಮತ್ತೆ ನನ್ನ ಹತ್ತಿರ ಬರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿ ಅವನ ನಂಬಿಕೆ ಕಳೆದುಕೊಂಡೆ. ಇವತ್ತಿಗೂ ಆ ನೋವಿದೆ. ಅಂದಿನಿಂದ ನಾನು 'ಏನೂ ಆಗಲ್ಲ' ಎಂದು ಯಾರಿಗೂ ಹೇಳಿಲ್ಲ. 'ನಮಗೆ ಗೊತ್ತಿರುವುದು ಇಷ್ಟು, ಮಾಡಬಹುದಾದದ್ದು ಇಷ್ಟು, ನಿನ್ನ ಜೊತೆ ನಾನಿದ್ದೇನೆ' ಎನ್ನುತ್ತೇನೆ.

'ತಮಾಷೆಗೆ ಅಂದಿದ್ದು' ಎಂಬ ಮಾತೂ ನಿಮ್ಮ ಕಾಲೇಜಿನಲ್ಲಿ ಬಂದೇ ಬರುತ್ತೆ. 2014ರ ಜನವರಿಯಲ್ಲಿ ದೆಹಲಿಯ ಲಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ಸಾವಿನ ಕಥೆ ಶುರುವಾದದ್ದು ಅವನ ಕೂದಲಿನ ಬಗ್ಗೆ ಮಾಡಿದ ತಮಾಷೆಯಿಂದಲೇ. ಅದರ ನಂತರ ಕೇಂದ್ರ ಬೆಜ್‌ಬರುವಾ ಸಮಿತಿ ಮಾಡಿತು, ಜನಾಂಗದ ಹೆಸರಿನ ನಿಂದನೆಗೆ ಕಾನೂನು ಗಟ್ಟಿಯಾಗಬೇಕು ಎಂದು ಅದು ಹೇಳಿತು. 1954ರಲ್ಲೇ ಗಾರ್ಡನ್ ಆಲ್ಪೋರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಮೆಟ್ಟಿಲುಗಳನ್ನು ಗುರುತಿಸಿದ್ದರು. ಮೊದಲು ಆಡಿಕೊಳ್ಳುವುದು, ಆಮೇಲೆ ದೂರ ಇಡುವುದು, ಆಮೇಲೆ ಭೇದ ಮಾಡುವುದು, ಆಮೇಲೆ ಕೈ ಮಾಡುವುದು, ಕೊನೆಗೆ ಇಲ್ಲವಾಗಿಸುವುದು. ಎಲ್ಲರೂ ಕೊನೆಯ ಮೆಟ್ಟಿಲಿಗೆ ಹೋಗುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ತಿಂಗಳೊಳಗೆ 'ಮೊಮೊ'ದಿಂದ ಹೆಲ್ಮೆಟ್‌ವರೆಗೆ ಬಂದಿದೆ. ಯಾರೂ ಅಡ್ಡ ನಿಲ್ಲದಿದ್ದಕ್ಕೆ ಇಷ್ಟು ಬೇಗ ಬಂದಿದೆ.

'ಕನ್ನಡ ಕಲಿಯಲಿ, ಎಲ್ಲ ಸರಿಹೋಗುತ್ತೆ' ಎನ್ನುವವರೂ ಇದ್ದಾರೆ. ಕಲಿಯಲಿ, ನನಗೂ ಆಸೆಯೇ. ಆ ಇಯರ್‌ಫೋನ್ ಹುಡುಗಿಗೆ ದೇವರಾಜ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಬರುತ್ತಿತ್ತು. ಅದರಿಂದ ಆದ ವ್ಯತ್ಯಾಸ ಒಂದೇ, ಬೈದದ್ದು ಪೂರ್ತಿ ಅರ್ಥ ಆಗುತ್ತಿತ್ತು.

ಹಾಗಾದರೆ ಹುಡುಗರು ಯಾಕೆ ಹೀಗೆ ಮಾಡುತ್ತಾರೆ? ನನ್ನ ಅನುಭವದಲ್ಲಿ ಹತ್ತು ಜನರ ಗುಂಪಿನಲ್ಲಿ ನಿಜವಾದ ದ್ವೇಷ ಇಟ್ಟುಕೊಂಡವರು ಒಬ್ಬಿಬ್ಬರು. ಉಳಿದವರಿಗೆ ಬೇರೆ ಬೇರೆ ಸಂಕಟ. ಒಬ್ಬನಿಗೆ ಬ್ಯಾಕ್‌ಲಾಗ್, ಒಬ್ಬನಿಗೆ ಮನೆಯಲ್ಲಿ ಮರ್ಯಾದೆ ಇಲ್ಲ, ಒಬ್ಬನಿಗೆ ಗುಂಪು ಬಿಟ್ಟರೆ ಗೆಳೆಯರೇ ಇಲ್ಲ. ಯಾರಾದರೂ 'ನಿನ್ನ ಕಷ್ಟಕ್ಕೆಲ್ಲ ಹೊರಗಿನವರೇ ಕಾರಣ' ಎಂದು ಬೆರಳು ತೋರಿಸಿದರೆ ಅವರಿಗೆ ಒಂದು ಸುಲಭದ ಉತ್ತರ ಸಿಗುತ್ತೆ. ಒಬ್ಬ ಕೂಗುತ್ತಾನೆ, ಉಳಿದವರು ನಗುತ್ತಾರೆ. ಪ್ರತಿಯೊಬ್ಬನೂ ಮಿಕ್ಕವರಿಗೆಲ್ಲ ಇದು ಇಷ್ಟ ಎಂದುಕೊಂಡಿರುತ್ತಾನೆ. ಒಳಗೊಳಗೇ ಇರುಸುಮುರುಸು ಇದ್ದರೂ ಬಾಯಿ ಬಿಡುವುದಿಲ್ಲ. ಸುತ್ತಲಿನ ದೊಡ್ಡವರು, ಲೆಕ್ಚರರು, ಪಿಜಿ ಓನರು, ಬೇಕರಿಯವರು ಸುಮ್ಮನಿದ್ದಾಗ ಆ ಮೌನವನ್ನೂ ಒಪ್ಪಿಗೆ ಎಂದೇ ಓದಿಕೊಳ್ಳುತ್ತಾರೆ.

ನೀವು ಮಾತಾಡಬೇಕು ಎಂದು ನಾನು ಹೇಳುವುದು ಇದಕ್ಕೇ. ಕಾಲೇಜಿನಲ್ಲಿ ಮರ್ಯಾದೆ ಇರುವ ಒಬ್ಬರು 'ಇದು ತಮಾಷೆ ಅಲ್ಲ, ಇದು ಹಿಂಸೆ, ಇಲ್ಲಿ ನಡೆಯಲ್ಲ' ಎಂದು ಬಿಡಿಸಿ ಹೇಳಿದರೆ ಆ ಒಬ್ಬಿಬ್ಬರು ಬದಲಾಗದೇ ಇರಬಹುದು. ನಗುತ್ತಿದ್ದ ಏಳೆಂಟು ಜನ ಹಿಂದೆ ಸರಿಯುತ್ತಾರೆ. ಬೈಕು ಒಂಟಿಯಾಗುತ್ತೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ದಾರಿಗಳು.

ಎಲ್ಲಕ್ಕಿಂತ ಮುಂಚೆ ಆ ಒಂಬತ್ತು ಮಕ್ಕಳನ್ನು ಕೇಳಿ. ಅವರು ವಯಸ್ಸಿಗೆ ಬಂದವರು. ದೂರು ಕೊಡಬೇಕಾ, ಯಾರ ಹೆಸರಿನಲ್ಲಿ, ಮನೆಗೆ ಹೇಳಬೇಕಾ, ಇದೆಲ್ಲ ಅವರ ತೀರ್ಮಾನ. ಒಬ್ಬರು ಬೇಡ ಎಂದರೆ ಅವರ ಮಾತನ್ನು ಬಿಟ್ಟು ಉಳಿದವರದ್ದನ್ನು ತೆಗೆದುಕೊಳ್ಳಿ. ನಾವು ಒಳ್ಳೆಯ ಉದ್ದೇಶದಿಂದ ಅವಸರ ಮಾಡಿ, ಆಮೇಲೆ ಅದರ ಬಿಸಿ ಅವರಿಗೆ ತಟ್ಟಿದ ಉದಾಹರಣೆ ಬೇಕಾದಷ್ಟಿವೆ.

ಕಾಲೇಜಿನೊಳಗೆ ಬರವಣಿಗೆಯಲ್ಲೇ ಹೋಗಿ. ಬಾಯಿಮಾತು ಗಾಳಿಗೆ ಹೋಗುತ್ತೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ಒಂದು ತಿದ್ದುಪಡಿ ಬಂತು. ಬಣ್ಣ, ಜನಾಂಗ, ಜಾತಿ, ಧರ್ಮ, ಭಾಷೆ, ಹುಟ್ಟಿದ ಊರು ಇವುಗಳ ಹೆಸರಿನಲ್ಲಿ ವಿದ್ಯಾರ್ಥಿಯೊಬ್ಬನಿಗೆ ದೈಹಿಕವಾಗಿ, ಮಾನಸಿಕವಾಗಿ ಹಿಂಸೆ ಕೊಟ್ಟರೆ ಅದೂ ರ‍್ಯಾಗಿಂಗ್ ಎಂದು ಅದರಲ್ಲಿ ಸೇರಿಸಿದ್ದಾರೆ. ಕಾಟ ಕೊಟ್ಟವರಲ್ಲಿ ನಿಮ್ಮ ಕಾಲೇಜಿನವರು ಇದ್ದರೆ ಇದು ನಿಮ್ಮ ಕೈಯಲ್ಲಿರುವ ಗಟ್ಟಿ ಕೋಲು. ಅಪರಾಧ ನಡೆದಿದೆ ಎಂದು ಕಂಡರೆ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಎಫ್‌ಐಆರ್ ಹಾಕಿಸುವ ಜವಾಬ್ದಾರಿ ಸಂಸ್ಥೆಯ ಮುಖ್ಯಸ್ಥರದ್ದು. ಪ್ರಿನ್ಸಿಪಾಲರಿಗೆ ಇದನ್ನು ಬೆದರಿಕೆಯ ಧಾಟಿಯಲ್ಲಿ ಹೇಳಬೇಡಿ. 'ಸರ್, ನಾಳೆ ಏನಾದರೂ ಆದರೆ ಮೊದಲು ಕೇಳುವುದು ನಿಮ್ಮನ್ನೇ, ನಿಮ್ಮ ರಕ್ಷಣೆಗೂ ಇದು ಬೇಕು' ಎನ್ನಿ. ಅವರೂ ಹೆದರಿದವರೇ. ಇಮೇಲ್‌ನಲ್ಲಿ ದಿನಾಂಕ, ಜಾಗ, ನಡೆದದ್ದು ಮಾತ್ರ ಬರೆಯಿರಿ, ಕೌನ್ಸೆಲಿಂಗ್‌ನಲ್ಲಿ ಕೇಳಿದ ಖಾಸಗಿ ಮಾತು ಒಂದಕ್ಷರವೂ ಬೇಡ. ಕಾಲೇಜು ಕದಲದಿದ್ದರೆ ಮಕ್ಕಳೇ 1800-180-5522ಕ್ಕೆ ಕರೆ ಮಾಡಬಹುದು, ಅದು ರ‍್ಯಾಗಿಂಗ್ ತಡೆ ಸಹಾಯವಾಣಿ. ಇದರಲ್ಲಿ ಅಪಾಯ ನಿಮ್ಮ ಕೆಲಸದ್ದು. ನೀವು ಕಾಂಟ್ರಾಕ್ಟ್ ಮೇಲಿದ್ದರೆ ಮುಂದಿನ ವರ್ಷ ನವೀಕರಣ ಆಗದೇ ಹೋಗಬಹುದು. ಅದನ್ನು ಲೆಕ್ಕ ಹಾಕಿಕೊಂಡು, ಮನೆಯಲ್ಲಿ ಮಾತಾಡಿಕೊಂಡು ಹೆಜ್ಜೆ ಇಡಿ.

ಪೊಲೀಸ್ ದೂರಿನ ವಿಷಯದಲ್ಲಿ ನಾನು ವಕೀಲಳಲ್ಲ, ಆದರೆ ಮಕ್ಕಳ ಜೊತೆ ಠಾಣೆ ಮೆಟ್ಟಿಲು ಹತ್ತಿ ಕಲಿತದ್ದಿಷ್ಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 351 ಬೆದರಿಕೆಗೆ. ಕೊಲ್ಲುವ ಬೆದರಿಕೆ ಆದರೆ ಶಿಕ್ಷೆ 7 ವರ್ಷದವರೆಗೆ ಹೋಗಬಹುದು. ಹೆಸರು ಮುಚ್ಚಿಕೊಂಡು ಬೆದರಿಸಿದರೆ ಅದರ ಮೇಲೆ ಇನ್ನೂ 2 ವರ್ಷದವರೆಗೆ. ಸೆಕ್ಷನ್ 196 ಜನಾಂಗ, ಹುಟ್ಟಿದ ಊರು, ಭಾಷೆ ಮುಂತಾದವುಗಳ ಹೆಸರಿನಲ್ಲಿ ದ್ವೇಷ ಬಿತ್ತುವುದಕ್ಕೆ. ಐದು ಅಥವಾ ಹೆಚ್ಚು ಜನ ಗುಂಪಾಗಿ ಇದೇ ಕಾರಣಕ್ಕೆ ತೀವ್ರ ಗಾಯ ಮಾಡಿದರೆ ಸೆಕ್ಷನ್ 117ರಲ್ಲಿ ಅದಕ್ಕೇ ಬೇರೆ ಉಪಸೆಕ್ಷನ್ ಇದೆ. ಯಾವ ಸೆಕ್ಷನ್ ನಿಲ್ಲುತ್ತದೆ ಎಂಬುದನ್ನು ಪೊಲೀಸರು, ಕೋರ್ಟು ನೋಡುತ್ತವೆ. ನೀವು ಮಾಡಬೇಕಾದದ್ದು ಒಂದು: ದೂರಿನಲ್ಲಿ ಕೂಗಿದ ಪದಗಳನ್ನು ಇದ್ದ ಹಾಗೇ ಬರೆಸಿ. 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದು ಬರೆದರೆ ಅದು ಬರೀ ಬೀದಿ ಜಗಳ ಆಗಿಬಿಡುತ್ತೆ, ಎಫ್‌ಐಆರ್ ಇಲ್ಲದೆ ಎನ್‌ಸಿಆರ್ (ಸಣ್ಣ ಅಪರಾಧದ ವರದಿ) ಮಾಡಿ ಕಳಿಸುತ್ತಾರೆ. 'ಚಿಂಕಿ, ಊರು ಬಿಡು' ಎಂದು ಬರೆದರೆ ಯಾಕೆ ಹೊಡೆದರು ಎಂಬುದು ಕಾಗದದ ಮೇಲೆ ಬರುತ್ತೆ. ಹೊಲಿಗೆ ಹಾಕಿದ ಆಸ್ಪತ್ರೆಯ ಚೀಟಿ ಜೋಪಾನ. ಮೆಸೇಜ್ ಅಳಿಸಬಾರದು. ಸ್ಕ್ರೀನ್‌ಶಾಟ್ ಇದ್ದರೂ ಆ ಫೋನೇ ಮುಖ್ಯ ಸಾಕ್ಷಿ. ಮಕ್ಕಳು ಪರಿಶಿಷ್ಟ ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯ ಆಗುತ್ತಾ ಎಂದು ವಕೀಲರನ್ನು ಕೇಳಿ. ಹಣ ಇಲ್ಲ ಎಂದು ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ದೂರು ಕೊಟ್ಟ ಮೊದಲ ಎರಡು ವಾರ ಅಪಾಯ ಜಾಸ್ತಿ. ಸೇಡು ತೀರಿಸಿಕೊಳ್ಳಲು ಬರಬಹುದು. ಸಂಜೆ ಒಬ್ಬೊಬ್ಬರೇ ಓಡಾಡುವುದು ಬೇಡ, 112 ಎಲ್ಲರ ಫೋನಿನಲ್ಲೂ ಇರಲಿ, ಪಿಜಿ ಓನರಮ್ಮನ ಜೊತೆ ನೀವೇ ಹೋಗಿ ಕೂತು ಮಾತಾಡಿ. ಮನೆ ಖಾಲಿ ಮಾಡಿ ಎನ್ನುವವರೂ ಎದುರಿಗೆ ಕೂತು ಮಾತಾಡಿದರೆ ಎಷ್ಟೋ ಸಲ ಕರಗುತ್ತಾರೆ.

ಈಗ ನಿಮ್ಮ ಹತ್ತಿರ ಬರುವ ಆ ಹುಡುಗ. ಇದೇ ನಿಮ್ಮ ಪತ್ರದ ಅತಿ ಕಷ್ಟದ ಭಾಗ. ಅವನೂ ನಿಮ್ಮನ್ನು ನಂಬಿ ಬಂದವನು. ಅವನ ಬಾಯಿಂದ ಹೆಸರು ಕೀಳಲು ಹೋಗಬೇಡಿ, ಅವನನ್ನು ಗೂಢಚಾರ ಮಾಡಬೇಡಿ. ಅವನು ಕೋಣೆಯಲ್ಲಿ ಕೂತು ಕೆಟ್ಟ ಮಾತಾಡಿದರೆ ಅದು ಕೆಲಸಕ್ಕೆ ಸಿಕ್ಕ ವಸ್ತು. 'ಅವರನ್ನು ಹೊಡೆದಾಗ ನಿನಗೆ ಏನು ಸಿಕ್ಕಿತು?' ಎಂದು ನಿಧಾನವಾಗಿ ಕೇಳಿ. ಆದರೆ ಇಂಥವರನ್ನು, ಇಂಥ ದಿನ, ಹೀಗೆ ಮಾಡುತ್ತೇವೆ ಎಂದರೆ ಅಲ್ಲಿಗೆ ಗುಟ್ಟು ಮುಗಿಯಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಟಾರಾಸಾಫ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರ ಮೇಲಿದೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 23 ಕೂಡ ಗೋಪ್ಯತೆ ಕಾಯಬೇಕು ಎನ್ನುತ್ತಾ, ಬೇರೆಯವರಿಗೆ ಹಾನಿ, ಹಿಂಸೆ ಆಗುವುದನ್ನು ತಪ್ಪಿಸಲು ಬೇಕಾದಷ್ಟು ಮಾಹಿತಿ ಹೇಳಬಹುದು ಎಂದಿದೆ. ಈ ಗೆರೆ ಎಲ್ಲಿದೆ ಎಂದು ಅವನಿಗೆ ಮುಂಚೆಯೇ ಹೇಳಿಬಿಡಿ, ಆಮೇಲೆ ಮೋಸ ಆಯಿತು ಎನ್ನಿಸಬಾರದು. ಎರಡೂ ಕಡೆಯವರನ್ನು ನೀವೊಬ್ಬರೇ ನೋಡುವುದು ನನಗೆ ಸರಿ ಕಾಣುವುದಿಲ್ಲ. ಅವನನ್ನು ಇನ್ನೊಬ್ಬ ಕೌನ್ಸೆಲರ್ ಹತ್ತಿರ ದಾಟಿಸಿ. ಕೈ ಬಿಡಬೇಡಿ, ದಾಟಿಸಿ. ಈ ಹುಡುಗರಿಗೂ ಯಾರಾದರೂ ಬೇಕು.

ಕೊನೆಯದಾಗಿ ಹೊರಗೆ ಮಾತಾಡುವುದು. ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ನಮ್ಮಂಥ ಕೌನ್ಸೆಲರ್‌ಗಳು ಎಷ್ಟೋ ಜನ ಇದ್ದಾರೆ. ಒಬ್ಬರೇ ನಿಂತರೆ ನಿಮ್ಮ ಫೋನಿಗೇ ಬೈಗುಳ ಬರುತ್ತೆ. ಹತ್ತು ಜನ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಯಾರಿಗೆ ಅಂತ ಬೈಯುತ್ತಾರೆ? ಒಂದು ಪುಟ ಸಾಕು. ಇಂಥ ಬೆದರಿಕೆಯಿಂದ ಮಕ್ಕಳ ನಿದ್ದೆ, ಓದು, ಊಟ ಏನಾಗುತ್ತೆ ಎಂದು ನಾವು ನೋಡಿದ್ದನ್ನು ಬರೆಯೋಣ. ಬಣ್ಣ, ಮುಖ, ಭಾಷೆ ನೋಡಿ ಹೊಡೆಯುವುದನ್ನು ನಾವು ಒಪ್ಪುವುದಿಲ್ಲ ಎಂದು ಬರೆಯೋಣ. ತೊಂದರೆ ಆದವರು ಯಾರ ಹತ್ತಿರ ಬರಬಹುದು ಎಂದು ತಿಳಿಸೋಣ. ಮಕ್ಕಳ ಹೆಸರು, ಫೋಟೊ, ಪಿಜಿ ಇರುವ ರಸ್ತೆ, ಯಾವುದೂ ಬೇಡ. ಹೊಡೆದವರು ಯಾವ ಜಾತಿ, ಯಾವ ಬಡಾವಣೆ ಎಂಬುದೂ ಬೇಡ. ಒಂದು ದ್ವೇಷ ನಿಲ್ಲಿಸಲು ಹೋಗಿ ಇನ್ನೊಂದಕ್ಕೆ ಬೀಜ ಹಾಕಬಾರದು.

ಈ ವಾರ ಮಕ್ಕಳನ್ನು ಕೂರಿಸಿ ಕೇಳಿ. ಕುರ್ಚಿಗಳನ್ನು ಅವರಿಗೆ ಬೇಕಾದ ಹಾಗೆ ಎಳೆದುಕೊಳ್ಳಲು ಬಿಡಿ. ಅವರು ಸರಿ ಎಂದರೆ ಆ ಒಂದು ಪುಟದ ಕರಡು ಬರೆದು ನನಗೆ ಕಳಿಸಿ. ತಿದ್ದುವುದೇನಾದರೂ ಇದ್ದರೆ ತಿದ್ದಿ, ಮೊದಲ ಸಹಿ ನಾನೇ ಹಾಕಿ ಕಳಿಸುತ್ತೇನೆ.